ನಾಲ್ಕು ಅಂಗೈಯಗಲದ ಹಿಡಿತ

ಆಗುಂಬೆ ಘಾಟಿಯ 14 ಹೇರ್‌ಪಿನ್ ತಿರುವುಗಳಲ್ಲಿ ಒಂದನ್ನು ಮನಸ್ಸಿಗೆ ತಂದುಕೊಳ್ಳಿ. ಅದರ ತ್ರಿಜ್ಯ 15 ಮೀಟರ್ ಎಂದಿಟ್ಟುಕೊಳ್ಳೋಣ. ಒಣ ಡಾಂಬರಿನ ಮೇಲೆ ಒಳ್ಳೆಯ ಟೈರಿನ ಘರ್ಷಣಾಂಕ ಸುಮಾರು 0.9. ಜಾರದೆ ಈ ತಿರುವು ದಾಟಬಹುದಾದ ಗರಿಷ್ಠ ವೇಗ ಎಷ್ಟು? ಪಿಯುಸಿಯ ಭೌತಶಾಸ್ತ್ರ ಸಾಕು. ಘರ್ಷಣಾಂಕ, ಗುರುತ್ವ ವೇಗೋತ್ಕರ್ಷ, ತ್ರಿಜ್ಯ, ಈ ಮೂರನ್ನೂ ಗುಣಿಸಿ ವರ್ಗಮೂಲ ತೆಗೆದರೆ ಸೆಕೆಂಡಿಗೆ ಹನ್ನೊಂದೂವರೆ ಮೀಟರ್ ಬರುತ್ತದೆ, ಅಂದರೆ ಗಂಟೆಗೆ 41 ಕಿಲೋಮೀಟರ್. ಈ ಲೆಕ್ಕದಲ್ಲಿ ಎಂಜಿನ್ನಿನ ಅಶ್ವಶಕ್ತಿ ಎಲ್ಲಿಯೂ ಬರುವುದಿಲ್ಲ. ಗಾಡಿಯ ತೂಕವೂ ಬರುವುದಿಲ್ಲ, ಸಮೀಕರಣದ ಎರಡೂ ಕಡೆ ಇದ್ದು ಅದು ಹೊಡೆದುಹೋಗುತ್ತದೆ. ಹಳೆಯ ಮಾರುತಿ 800ಕ್ಕೂ ಕೋಟಿ ರೂಪಾಯಿಯ ಪೋರ್ಶೆಗೂ ಆ ತಿರುವು ಹಾಕುವ ಲೆಕ್ಕ ಒಂದೇ. ಪೋರ್ಶೆಯ ಟೈರಿನ ರಬ್ಬರು ಹೆಚ್ಚು ಮೆದು, ಘರ್ಷಣಾಂಕ 1.1 ಇರಬಹುದು. ಆಗ ವೇಗದ ಮಿತಿ 46 ಕಿಲೋಮೀಟರ್ ಆಗುತ್ತದೆ. ಅಷ್ಟೂ ದುಡ್ಡು ಸುರಿದು ಹೇರ್‌ಪಿನ್ನಿನಲ್ಲಿ ಗಳಿಸಿದ್ದು ಗಂಟೆಗೆ ನಾಲ್ಕೈದು ಕಿಲೋಮೀಟರ್.

ಈಚೆಗೆ ನಮ್ಮ ಮಲೆನಾಡಿನ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆಯ ಹುಡುಗರು ಬೆಂಗಳೂರಿನಲ್ಲಿ ದುಡಿದು ತಮ್ಮ ಮೊದಲ ಬಲಿಷ್ಠ ಕಾರು ಕೊಂಡು ಊರಿಗೆ ಬರುತ್ತಾರೆ. ಅವರ ಸಂಭ್ರಮ ನನಗೆ ಅರ್ಥವಾಗುತ್ತದೆ. ಚೆನ್ನಾಗಿ ಕಟ್ಟಿದ ಸ್ಪೋರ್ಟ್ಸ್ ಕಾರು ಮನುಷ್ಯನ ಕೈ ಮಾಡಿದ ಸುಂದರ ಯಂತ್ರಗಳಲ್ಲಿ ಒಂದು. ಆದರೆ ಅದನ್ನು ಓಡಿಸಲು ಕಲಿಯುವುದೆಂದರೆ ಆಕ್ಸಿಲರೇಟರ್ ತುಳಿಯುವ ಧೈರ್ಯ ಬೆಳೆಸಿಕೊಳ್ಳುವುದು ಎಂದು ಬಹಳ ಜನ ತಿಳಿದಿದ್ದಾರೆ. ಕಲಿಯಬೇಕಾದ ವಿದ್ಯೆ ಇರುವುದು ರಬ್ಬರು ನೆಲವನ್ನು ಮುಟ್ಟುವ ಜಾಗದಲ್ಲಿ.

ಆ ಜಾಗ ಎಷ್ಟು ದೊಡ್ಡದು? 1,500 ಕಿಲೋ ತೂಕದ ಕಾರಿನಲ್ಲಿ ಒಂದೊಂದು ಚಕ್ರದ ಮೇಲೆ ಸರಾಸರಿ 375 ಕಿಲೋ ಕೂರುತ್ತದೆ. ಟೈರಿನ ಗಾಳಿಯ ಒತ್ತಡ 32 ಪಿಎಸ್‌ಐ ಎಂದರೆ ಚದರ ಸೆಂಟಿಮೀಟರಿಗೆ ಸುಮಾರು ಎರಡೂಕಾಲು ಕಿಲೋ. ಭಾಗಿಸಿದರೆ ಹೆಚ್ಚುಕಡಿಮೆ 167 ಚದರ ಸೆಂಟಿಮೀಟರ್, ಒಂದು ಅಂಗೈಯಗಲ. ಬ್ರೇಕು ಹಿಡಿಯುವುದು, ತಿರುಗುವುದು, ಮುನ್ನುಗ್ಗುವುದು ಎಲ್ಲವೂ ಇಂಥ ನಾಲ್ಕು ಅಂಗೈಯಗಲಗಳ ಮೂಲಕವೇ ಆಗಬೇಕು.

ಇವು ಕೊಡಬಲ್ಲ ಬಲಕ್ಕೆ ಒಂದು ಮಿತಿಯಿದೆ, ಆ ಮಿತಿಯನ್ನು ಎರಡು ಕೆಲಸಗಳು ಹಂಚಿಕೊಳ್ಳುತ್ತವೆ. ತಿರುಗುವ ಬಲ ಪಕ್ಕಕ್ಕೆ, ಬ್ರೇಕಿನ ಬಲ ಹಿಂದಕ್ಕೆ. ಒಂದಕ್ಕೊಂದು ಲಂಬವಾಗಿರುವುದರಿಂದ ಇಲ್ಲಿ ನಡೆಯುವುದು ಪೈಥಾಗೊರಸನ ಪ್ರಮೇಯ. ಹಿಡಿತದ ಶೇಕಡಾ 80 ತಿರುಗುವುದಕ್ಕೆ ಖರ್ಚಾಗಿದ್ದರೆ ಬ್ರೇಕಿಗೆ ಉಳಿಯುವುದು ಶೇಕಡಾ 60. ಪೂರ್ತಿ ನೂರೂ ತಿರುಗುವುದಕ್ಕೇ ಹೋಗಿದ್ದರೆ ಬ್ರೇಕಿಗೆ ಸೊನ್ನೆ. ಎಂಜಿನಿಯರುಗಳು ಇದನ್ನು ಘರ್ಷಣೆಯ ವೃತ್ತ ಎಂದು ಕಾಗದದ ಮೇಲೆ ಬರೆಯುತ್ತಾರೆ. ತಿರುವಿನ ನಡುವೆ ಹೆದರಿ ಬ್ರೇಕು ಒತ್ತಿದವನು ಆ ವೃತ್ತದ ಗೆರೆಯನ್ನು ದಾಟಿ ಹೊರಗೆ ಹೋಗಿರುತ್ತಾನೆ.

ಅವನ ಕಷ್ಟ ಅಲ್ಲಿಗೆ ಮುಗಿಯುವುದಿಲ್ಲ. ಬ್ರೇಕು ಹಿಡಿದಾಗ ಕಾರು ಮುಂದಕ್ಕೆ ಬಾಗುವುದನ್ನು ನೋಡಿದ್ದೇವೆ. ಆಗ ತೂಕ ಹಿಂದಿನ ಚಕ್ರಗಳಿಂದ ಮುಂದಿನ ಚಕ್ರಗಳಿಗೆ ದಾಟುತ್ತದೆ. ನಮ್ಮ 1,500 ಕಿಲೋ ಕಾರಿನ ಗುರುತ್ವಕೇಂದ್ರ ನೆಲದಿಂದ ಅರ್ಧ ಮೀಟರ್ ಎತ್ತರದಲ್ಲಿದೆ, ಮುಂದಿನ ಹಿಂದಿನ ಚಕ್ರಗಳ ನಡುವಿನ ದೂರ ಎರಡೂವರೆ ಮೀಟರ್ ಎಂದು ಹಿಡಿಯಿರಿ. ಜೋರಾಗಿ ಬ್ರೇಕು ಒತ್ತಿದರೆ ಕ್ಷಣದಲ್ಲಿ ಸುಮಾರು 240 ಕಿಲೋ ಭಾರ ಮುಂದಕ್ಕೆ ಸರಿಯುತ್ತದೆ. ಹಿಂದೆ 750 ಕಿಲೋ ಇದ್ದದ್ದು 510ಕ್ಕೆ ಇಳಿಯಿತು. ಭಾರ ಕಡಿಮೆಯಾದಂತೆ ಹಿಂದಿನ ಟೈರುಗಳ ಹಿಡಿತವೂ ಕಡಿಮೆ. ಅದೇ ಹೊತ್ತಿಗೆ ಕಾರು ತಿರುಗುತ್ತಲೂ ಇದ್ದರೆ ಹಿಂಭಾಗ ಹೊರಕ್ಕೆ ಬೀಸುತ್ತದೆ. ಇದಕ್ಕೆ ಓವರ್‌ಸ್ಟಿಯರ್ ಎನ್ನುತ್ತಾರೆ. ಬ್ರೇಕನ್ನೇ ಮುಟ್ಟದೆ ಆಕ್ಸಿಲರೇಟರಿನಿಂದ ಕಾಲನ್ನು ಥಟ್ಟನೆ ತೆಗೆದರೂ ಸಾಕು, ಸ್ವಲ್ಪ ಭಾರ ಮುಂದಕ್ಕೆ ಓಡುತ್ತದೆ. 1964ರಿಂದ ತಯಾರಾಗುತ್ತಿರುವ ಪೋರ್ಶೆ 911 ಈ ವಿಷಯದಲ್ಲಿ ಹೆಸರುವಾಸಿ. ಅದರ ಎಂಜಿನ್ ಇರುವುದು ಹಿಂದಿನ ಅಚ್ಚಿಗೂ ಹಿಂದೆ. ಅಷ್ಟು ಭಾರ ಒಮ್ಮೆ ಹೊರಗೆ ಹೊರಟರೆ ಹಿಡಿದು ನಿಲ್ಲಿಸುವುದು ಸುಲಭವಲ್ಲ, ಹಳೆಯ 911ಗಳು ಹೊಸಬರನ್ನು ಬೆಚ್ಚಿಬೀಳಿಸುತ್ತಿದ್ದುದು ಹೀಗೆ.

ಮುಂದಿನ ಚಕ್ರಗಳು ಮೊದಲು ಜಾರಿದರೆ ಅದು ಅಂಡರ್‌ಸ್ಟಿಯರ್. ಸ್ಟೇರಿಂಗ್ ತಿರುಗಿಸಿದ್ದರೂ ಕಾರು ನೆಟ್ಟಗೆ ಹೋಗುತ್ತದೆ. ಇನ್ನಷ್ಟು ತಿರುಗಿಸೋಣ ಎಂದು ಕೈ ತಾನಾಗಿ ಹೋಗುತ್ತದೆ, ಅದೇ ತಪ್ಪು. ಜಾರುತ್ತಿರುವ ಟೈರನ್ನು ಇನ್ನೂ ಓರೆ ಮಾಡಿದರೆ ಹಿಡಿತ ಸಿಗುವುದಿಲ್ಲ. ಸ್ಟೇರಿಂಗನ್ನು ಕೊಂಚ ಸಡಿಲಿಸಿ, ವೇಗ ಇಳಿಯಲು ಬಿಟ್ಟರೆ ಟೈರು ಮತ್ತೆ ನೆಲ ಕಚ್ಚುತ್ತದೆ. ಸಹಜವಾಗಿ ಬರುವ ಪ್ರತಿಕ್ರಿಯೆಯನ್ನು ತಡೆದು ಅದಕ್ಕೆ ವಿರುದ್ಧವಾದದ್ದನ್ನು ಮಾಡಬೇಕಾದ್ದರಿಂದಲೇ ಈ ವಿದ್ಯೆ ಪುಸ್ತಕ ಓದಿ ಬರುವುದಿಲ್ಲ, ಮೈಗೆ ಅಭ್ಯಾಸವಾಗಬೇಕು.

ಮಿತಿ ಹತ್ತಿರವಾಗುತ್ತಿದೆ ಎಂದು ಕಾರು ಮೊದಲೇ ಹೇಳುತ್ತದೆ, ಅದೂ ಅಂಗೈಗೆ. ತಿರುವಿನಲ್ಲಿ ರಬ್ಬರು ಬಾಗಿದಾಗ ಪಕ್ಕದ ಬಲ ಟೈರಿನ ನಡುಬಿಂದುವಿಗಿಂತ ತುಸು ಹಿಂದೆ ಕೆಲಸ ಮಾಡುತ್ತದೆ. ಅದರಿಂದ ಚಕ್ರ ತಾನಾಗಿ ನೇರವಾಗಲು ನೋಡುತ್ತದೆ, ಸ್ಟೇರಿಂಗ್ ಕೈಗೆ ಭಾರ ಎನ್ನಿಸುವುದು ಆ ಕಾರಣಕ್ಕೆ. ಮಿತಿ ಸಮೀಪಿಸಿದಾಗ ನೆಲ ಮುಟ್ಟಿರುವ ರಬ್ಬರಿನ ಹಿಂದಿನ ಅಂಚು ಮೊದಲು ಜಾರತೊಡಗುತ್ತದೆ, ಬಲದ ಬಿಂದು ಮುಂದಕ್ಕೆ ಸರಿಯುತ್ತದೆ, ಸ್ಟೇರಿಂಗ್ ಹಗುರಾಗುತ್ತದೆ. ಮುಂದಿನ ಟೈರುಗಳು ಪೂರ್ತಿ ಕೈಬಿಡುವುದಕ್ಕೆ ಸ್ವಲ್ಪ ಮೊದಲೇ ಬರುವ ಸೂಚನೆ ಇದು. ಸ್ಪೋರ್ಟ್ಸ್ ಕಾರಿನ ಸ್ಟೇರಿಂಗನ್ನು ಅಷ್ಟು ಶ್ರದ್ಧೆಯಿಂದ ರೂಪಿಸುವುದು ಈ ಸಣ್ಣ ಸುದ್ದಿ ಕೈಗೆ ತಲುಪಲಿ ಎಂದೇ. ಗಟ್ಟಿಯಾಗಿ ಮುಷ್ಟಿ ಕಟ್ಟಿ ಹಿಡಿದವರಿಗೆ ಅದು ತಿಳಿಯುವುದಿಲ್ಲ.

ಇದನ್ನೆಲ್ಲ ಸೂತ್ರವಿಲ್ಲದೆ ಬಲ್ಲವರು ನಮ್ಮ ಕಡೆ ಇದ್ದರು. ಕೊಪ್ಪದಲ್ಲಿ 1991ರಲ್ಲಿ ಕಾರ್ಮಿಕರೇ ಸೇರಿ ಕಟ್ಟಿದ ಸಹಕಾರ ಸಾರಿಗೆ ಎಂಬ ಬಸ್ ಸಂಸ್ಥೆ 2020ರಲ್ಲಿ ನಿಂತುಹೋಯಿತು. ಮಲೆನಾಡಿಗೆ ಅದು ದೊಡ್ಡ ನಷ್ಟ. ಅದರ ಚಾಲಕರ ಪಕ್ಕದ ಸೀಟಿನಲ್ಲಿ ಕೂತು ಗಮನಿಸಿದವರಿಗೆ ನೆನಪಿರಬಹುದು: ತಿರುವು ಬರುವ ಮೊದಲೇ, ರಸ್ತೆ ಇನ್ನೂ ನೇರವಾಗಿರುವಾಗಲೇ ಬ್ರೇಕು ಮುಗಿದಿರುತ್ತಿತ್ತು. ಗೇರು ಇಳಿದಿರುತ್ತಿತ್ತು. ತಿರುವಿನೊಳಗೆ ಕಾಲು ಸ್ಥಿರ, ರಸ್ತೆ ಬಿಚ್ಚಿಕೊಂಡ ಮೇಲೆ ನಿಧಾನಕ್ಕೆ ಆಕ್ಸಿಲರೇಟರ್. ನಿಂತ ಪ್ರಯಾಣಿಕರು ಬೀಳದಿರಲಿ ಎಂದು ರೂಢಿಯಾದ ಕ್ರಮವದು. ರೇಸ್ ಶಾಲೆಗಳಲ್ಲಿ ಮೊದಲ ದಿನ ಹೇಳಿಕೊಡುವುದೂ ಇದೇ ಅನುಕ್ರಮವನ್ನು.

ಇಳಿಜಾರಿನಲ್ಲಿ ಅವರು ಎರಡನೇ ಗೇರಿನಲ್ಲಿ ಇಳಿಸುತ್ತಿದ್ದುದಕ್ಕೆ ಇನ್ನೊಂದು ಕಾರಣವಿದೆ. 1,500 ಕಿಲೋ ಕಾರು ಘಾಟಿಯಲ್ಲಿ 500 ಮೀಟರ್ ಕೆಳಗಿಳಿದರೆ ಏಳು ಮೆಗಾಜೌಲಿಗೂ ಹೆಚ್ಚು ಶಕ್ತಿ ಬಿಡುಗಡೆಯಾಗುತ್ತದೆ. ಸುಮಾರು 23 ಲೀಟರ್ ತಣ್ಣೀರನ್ನು ಕುದಿಯುವ ಹಂತಕ್ಕೆ ತರಲು ಸಾಕಾಗುವಷ್ಟು ಶಾಖ. ಬರೀ ಬ್ರೇಕಿನಿಂದಲೇ ಇಳಿಸಿದರೆ ಇದರ ಬಹುಪಾಲು ಡಿಸ್ಕು ಪ್ಯಾಡುಗಳಿಗೆ ಹೋಗುತ್ತದೆ, ಅಲ್ಲಿಂದ ಬ್ರೇಕ್ ಆಯಿಲಿಗೆ. ಹೆಚ್ಚಿನ ಕಾರುಗಳಲ್ಲಿರುವ ಡಾಟ್ 4 ಬ್ರೇಕ್ ಆಯಿಲ್ ಹೊಸದಾಗಿದ್ದಾಗ 230 ಡಿಗ್ರಿ ಸೆಲ್ಸಿಯಸ್‌ವರೆಗಾದರೂ ಕುದಿಯಬಾರದು. ಆದರೆ ಅದು ಗಾಳಿಯ ತೇವವನ್ನು ಹೀರಿಕೊಳ್ಳುವ ದ್ರವ. ತೇವ ಹೀರಿದ ಮೇಲೆ ನಿಯಮ ಕೇಳುವ ಕನಿಷ್ಠ ಕುದಿಬಿಂದು 155 ಡಿಗ್ರಿ ಮಾತ್ರ. ಕುದಿದು ಆವಿಯ ಗುಳ್ಳೆ ಎದ್ದರೆ ಪೆಡಲು ಮೆತ್ತಗೆ ಒಳಕ್ಕೆ ಹೋಗುತ್ತದೆ, ಬ್ರೇಕು ಹಿಡಿಯುವುದಿಲ್ಲ. ತಿಂಗಳುಗಟ್ಟಲೆ ಗೋಡೆಯೇ ಬೆವರುವ ಊರುಗಳಲ್ಲಿ ಎರಡು ವರ್ಷಕ್ಕೊಮ್ಮೆ ಈ ಆಯಿಲ್ ಬದಲಿಸುವುದನ್ನು ಯಾರೂ ದುಂದು ಎನ್ನಬಾರದು. ಬಲಿಷ್ಠ ಕಾರಿಗೆ ದೊಡ್ಡ ಡಿಸ್ಕು ಇದ್ದರೂ ಗೇರು ಇಳಿಸುವ ಅಭ್ಯಾಸಕ್ಕೆ ಪರ್ಯಾಯವಿಲ್ಲ. ಆಟೊಮ್ಯಾಟಿಕ್ ಕಾರಿನಲ್ಲೂ ಸ್ಟೇರಿಂಗ್ ಹಿಂದಿನ ಪ್ಯಾಡಲ್ ಪಟ್ಟಿಯಿಂದಲೋ ಗೇರ್ ಲಿವರಿನಿಂದಲೋ ಇದನ್ನು ಮಾಡಬಹುದು.

ಇನ್ನು ಮಳೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಸುರಿಯುತ್ತದೆ, ಶೃಂಗೇರಿಯಿಂದ ಕೆರೆಕಟ್ಟೆ ದಾಟಿ ಎಸ್.ಕೆ. ಬಾರ್ಡರ್ ಕಡೆಗೆ ಹೋಗುವ ಕಾಡಿನ ರಸ್ತೆ ಮಳೆಗಾಲದಲ್ಲಿ ಒಣಗುವುದೇ ಅಪರೂಪ. ಒದ್ದೆ ಡಾಂಬರಿಗೆ ಘರ್ಷಣಾಂಕ 0.5 ಎಂದು ಹಾಕಿದರೆ ನಮ್ಮ ಹೇರ್‌ಪಿನ್ನಿನ ಮಿತಿ 31 ಕಿಲೋಮೀಟರಿಗೆ ಕುಸಿಯುತ್ತದೆ. ಕೆಸರೋ ಕೊಳೆತ ದರಗೋ ಹರಡಿದ್ದು 0.3 ಆದರೆ 24. ಮುಂಗಾರಿನ ಮೊದಲ ಹನಿಗಳು ಇನ್ನೂ ಅಪಾಯ: ಬೇಸಿಗೆಯುದ್ದಕ್ಕೂ ಕೂತ ಧೂಳು, ಎಣ್ಣೆ, ರಬ್ಬರಿನ ಪುಡಿ ನೀರಿನೊಡನೆ ಸೇರಿ ಲೋಳೆಯಾಗುತ್ತದೆ. ಶ್ರಾವಣದ ಹೊತ್ತಿಗೆ ನರಸಿಂಹರಾಜಪುರ, ಬಾಳೆಹೊನ್ನೂರು ಕಡೆಯ ನೆರಳಿನ ರಸ್ತೆಗಳ ಅಂಚಿನಲ್ಲಿ ಪಾಚಿ ಕಟ್ಟಿರುತ್ತದೆ. ಎಡದ ಚಕ್ರಗಳು ಪಾಚಿಯ ಮೇಲೆ, ಬಲದವು ಡಾಂಬರಿನ ಮೇಲೆ ಇರುವಾಗ ಬ್ರೇಕು ಒತ್ತಿದರೆ ಕಾರು ಬಲಕ್ಕೆ ಎಳೆಯುತ್ತದೆ, ಎದುರು ಬರುವ ಬಸ್ಸಿನ ಕಡೆಗೆ.

ಸ್ಪೋರ್ಟ್ಸ್ ಕಾರಿನ ಅಗಲ ಟೈರು ಮಳೆಯಲ್ಲಿ ರಕ್ಷಣೆ ಎಂಬ ನಂಬಿಕೆ ಇದೆ. ನಿಂತ ನೀರಿನ ಮೇಲೆ ಅದು ತಿರುಗುಮುರುಗು. ಟೈರು ಮುನ್ನುಗ್ಗಿದಂತೆ ಮುಂದಿನ ನೀರನ್ನು ಪಕ್ಕಕ್ಕೆ ತಳ್ಳಬೇಕು. ಅಗಲ ಹೆಚ್ಚಿದಷ್ಟೂ ತಳ್ಳಬೇಕಾದ ನೀರು ಹೆಚ್ಚು. ತಳ್ಳಲಾರದ ವೇಗ ಮುಟ್ಟಿದಾಗ ಟೈರು ನೀರಿನ ಪದರದ ಮೇಲೆ ಏರಿ ತೇಲುತ್ತದೆ. 1960ರ ದಶಕದಲ್ಲಿ ನಾಸಾ ವಿಮಾನದ ಟೈರುಗಳ ಮೇಲೆ ಪ್ರಯೋಗ ನಡೆಸಿ ಈ ವೇಗ ಗಾಳಿಯ ಒತ್ತಡದ ವರ್ಗಮೂಲಕ್ಕೆ ಅನುಗುಣವಾಗಿರುತ್ತದೆ ಎಂದು ಕಂಡುಕೊಂಡಿತು. 32 ಪಿಎಸ್‌ಐಗೆ ಆ ಸೂತ್ರ ಕೊಡುವ ಉತ್ತರ ಗಂಟೆಗೆ 94 ಕಿಲೋಮೀಟರ್. ಅಗಲವಾದ, ಸವೆದ ಟೈರಿಗೆ ಅದಕ್ಕಿಂತ ಕಡಿಮೆಯೇ. ನೀರು ಹೊರಗೆ ಹೋಗಲು ದಾರಿ ಕೊಡುವುದು ಟೈರಿನ ಮೇಲಿನ ತೋಡುಗಳು ಮಾತ್ರ. ಕಾನೂನು ಒಪ್ಪುವ ಕನಿಷ್ಠ ಆಳ 1.6 ಮಿಲಿಮೀಟರ್, ಮಲೆನಾಡಿನ ಮಳೆಗಾಲಕ್ಕೆ ನಾನು ಅದನ್ನು ಒಪ್ಪಲಾರೆ.

ಅಶ್ವಶಕ್ತಿ ತೊಂದರೆ ಕೊಡುವುದು ತಿರುವಿನಿಂದ ಹೊರಬರುವಾಗ. ಮೊದಲ ಗೇರಿನಲ್ಲಿ ಬಲಿಷ್ಠ ಕಾರಿನ ಹಿಂದಿನ ಚಕ್ರಗಳು ನೆಲವನ್ನು 10,000 ನ್ಯೂಟನ್ನಿಗೂ ಮೀರಿದ ಬಲದಿಂದ ತಳ್ಳಬಲ್ಲವು. ಅವುಗಳ ಮೇಲೆ 900 ಕಿಲೋ ಭಾರವಿದ್ದರೂ ಒದ್ದೆ ರಸ್ತೆ ತಡೆದುಕೊಳ್ಳುವುದು ಸುಮಾರು 4,400 ನ್ಯೂಟನ್. ಪೆಡಲನ್ನು ಅರ್ಧ ಒತ್ತಿದರೂ ಹೆಚ್ಚಾದೀತು. ಎಲೆಕ್ಟ್ರಾನಿಕ್ಸ್ ಇದೆಯಲ್ಲ ಎನ್ನಬಹುದು. ಇದೆ, ಅದು ಸಾವಿರಾರು ಜೀವ ಉಳಿಸಿದೆ. 1978ರಲ್ಲಿ ಬಾಷ್ ಕಂಪನಿಯ ಎಬಿಎಸ್ ಮರ್ಸಿಡಿಸ್ ಕಾರಿಗೆ ಬಂತು, 1995ರಲ್ಲಿ ಜಾರುವ ಕಾರನ್ನು ಒಂದೊಂದೇ ಚಕ್ರಕ್ಕೆ ಬ್ರೇಕು ಹಾಕಿ ನೇರ ಮಾಡುವ ಸ್ಥಿರತಾ ವ್ಯವಸ್ಥೆ ಬಂತು. ಆ ವ್ಯವಸ್ಥೆಯನ್ನು ಸಾರ್ವಜನಿಕ ರಸ್ತೆಯಲ್ಲಿ ಆಫ್ ಮಾಡಲೇಬಾರದು. ಆದರೆ ಕಂಪ್ಯೂಟರು ಇರುವ ಹಿಡಿತವನ್ನು ಜಾಣತನದಿಂದ ಹಂಚಬಲ್ಲದು, ಇಲ್ಲದ ಹಿಡಿತವನ್ನು ಹುಟ್ಟಿಸಲಾರದು. ಡ್ಯಾಶ್‌ಬೋರ್ಡಿನಲ್ಲಿ ಆ ವ್ಯವಸ್ಥೆಯ ಹಳದಿ ದೀಪ ಮಿನುಗಿದರೆ ನೀವು ಮಿತಿಯನ್ನು ಆಗಲೇ ಮುಟ್ಟಿದ್ದೀರಿ ಎಂದರ್ಥ.

ಹಾಗಾದರೆ ಆ ಮಿತಿಯನ್ನು ಎಲ್ಲಿ ಪರಿಚಯ ಮಾಡಿಕೊಳ್ಳಬೇಕು? ಕೊಪ್ಪ–ಶೃಂಗೇರಿ ಹೆದ್ದಾರಿಯಲ್ಲಂತೂ ಬೇಡ. ಹರಿಹರಪುರದ ಬಳಿ ಶಾಲೆ ಬಿಟ್ಟ ಮಕ್ಕಳು, ರಸ್ತೆಯಲ್ಲಿ ಮಲಗಿದ ದನ, ಅಡಿಕೆ ಹೊತ್ತ ಪಿಕಪ್ಪು, ಇವರು ಯಾರೂ ನಿಮ್ಮ ಪ್ರಯೋಗಕ್ಕೆ ಒಪ್ಪಿಗೆ ಕೊಟ್ಟವರಲ್ಲ. 1990ರಲ್ಲಿ ಶುರುವಾದ ಚೆನ್ನೈ ಬಳಿಯ ಇರುಂಗಾಟ್ಟುಕೋಟೆಯ ರೇಸ್ ಟ್ರ್ಯಾಕ್ ಇದೆ, ಕೊಯಮತ್ತೂರಿನಲ್ಲಿ ಕರಿ ಮೋಟಾರ್ ಸ್ಪೀಡ್‌ವೇ ಇದೆ. ತರಬೇತುದಾರ ಪಕ್ಕದಲ್ಲಿ ಕೂತು, ಹೊರಗೆ ಜಾರಿದರೂ ಬಯಲು ಸಿಗುವ ಕಡೆ ಒಮ್ಮೆ ಹಿಂಭಾಗ ಬೀಸಿದ ಅನುಭವ ಆದರೆ ಸೊಂಟಕ್ಕೂ ಒಳಗಿವಿಗೂ ಅದು ನೆನಪಿರುತ್ತದೆ. ಅಷ್ಟು ದುಡ್ಡಿನ ಕಾರಿಗೆ ಎರಡು ದಿನದ ಈ ಖರ್ಚನ್ನು ಕಾರಿನ ಬೆಲೆಯಲ್ಲೇ ಸೇರಿಸಿಕೊಳ್ಳಬೇಕು.

ನಮ್ಮದೇ ಜಿಲ್ಲೆಯಲ್ಲಿ ಈ ವಿದ್ಯೆಯ ಇನ್ನೊಂದು ಶಾಲೆಯಿದೆ. ಚಿಕ್ಕಮಗಳೂರಿನ ಕಾಫಿ ತೋಟಗಳ ಒಳರಸ್ತೆಗಳಲ್ಲಿ, ಬೇರೆ ವಾಹನ ಬಾರದಂತೆ ಮುಚ್ಚಿ, ರಾಷ್ಟ್ರೀಯ ರ‍್ಯಾಲಿಗಳು ನಡೆದಿವೆ. ಏಷ್ಯಾ ಪೆಸಿಫಿಕ್ ರ‍್ಯಾಲಿ ಚಾಂಪಿಯನ್‌ಷಿಪ್ಪಿನ ಭಾರತದ ಸುತ್ತೂ ಅಲ್ಲಿ ನಡೆದಿದೆ. 2013, 2016 ಮತ್ತು 2017ರಲ್ಲಿ ಆ ಚಾಂಪಿಯನ್‌ಷಿಪ್ ಗೆದ್ದ ಗೌರವ್ ಗಿಲ್ ಅವರಿಗೆ 2019ರಲ್ಲಿ ಅರ್ಜುನ ಪ್ರಶಸ್ತಿ ಬಂತು, ಮೋಟಾರು ಕ್ರೀಡೆಗೆ ಅದು ಮೊದಲನೆಯದು. ನೋಡುವವರ ಕಣ್ಣಿಗೆ ಬೀಳುವುದು ಹಾರುವ ಕೆಮ್ಮಣ್ಣು. ಕಲಿಯುವವರು ನೋಡಬೇಕಾದದ್ದು ಪಕ್ಕದ ಸೀಟಿನ ಸಹಚಾಲಕನ ಮಡಿಲಲ್ಲಿರುವ ನೋಟ್‌ಬುಕ್ಕನ್ನು. ಸ್ಪರ್ಧೆಗೆ ಮುಂಚೆ ಇಬ್ಬರೂ ನಿಧಾನ ವೇಗದಲ್ಲಿ ಆ ದಾರಿಯಲ್ಲಿ ಹೋಗಿ ಒಂದೊಂದು ತಿರುವಿಗೂ ಅಂಕ ಕೊಡುತ್ತಾರೆ. ಅನೇಕರ ಪದ್ಧತಿಯಲ್ಲಿ ಒಂದು ಎಂದರೆ ಅತಿ ಕಡಿದು, ಆರು ಎಂದರೆ ಹೆಚ್ಚುಕಡಿಮೆ ನೇರ. ಜೊತೆಗೆ ದಿಬ್ಬ, ಒಳಕ್ಕೆ ಬಿಗಿಯಾಗುವ ತಿರುವು, ಸಡಿಲ ಜಲ್ಲಿ.

ಇಂಥ ನೋಟ್‌ಬುಕ್ಕು ಬರೆಯಲು ಸ್ಪೋರ್ಟ್ಸ್ ಕಾರೂ ಬೇಡ, ವೇಗವೂ ಬೇಡ. ಮನೆಯ ಹಳೆಯ ಕಾರಿನಲ್ಲಿ ಕೊಪ್ಪದಿಂದ ಜಯಪುರಕ್ಕೆ ಎಂದಿನ ವೇಗದಲ್ಲಿ ಹೊರಡಿ, ಪಕ್ಕದಲ್ಲಿ ಗೆಳೆಯನೊಬ್ಬ ಬರೆದುಕೊಳ್ಳಲಿ. ಎಲ್ಲಿಂದ ತಿರುವಿನ ಕೊನೆ ಕಾಣುತ್ತದೆ, ಎಲ್ಲಿ ಮರದ ಬುಡ ಅಡ್ಡ ಬರುತ್ತದೆ, ಎಲ್ಲಿ ತೋಟದ ಗೇಟು ರಸ್ತೆಗೆ ತೆರೆಯುತ್ತದೆ, ಯಾವ ಮೋರಿಯಿಂದ ನೀರು ಡಾಂಬರಿನ ಮೇಲೆ ಹರಿಯುತ್ತದೆ. ಜನವರಿಯಲ್ಲಿ ಬರೆದ ಆ ಹಾಳೆಯನ್ನು ಜುಲೈನಲ್ಲಿ ಮತ್ತೆ ತೆಗೆದುಕೊಂಡು ಹೋದರೆ ಐದು ಎಂದು ಬರೆದ ಎಷ್ಟೋ ತಿರುವುಗಳನ್ನು ಹೊಡೆದುಹಾಕಿ ಮೂರು ಎಂದು ತಿದ್ದಬೇಕಾಗುತ್ತದೆ.