ಕಾಣದ ಬಿರುಕಿಗೆ ಕೇಳದ ಸದ್ದು

ಸಿಂಧನೂರು ತಾಲ್ಲೂಕಿನ ಆರ್.ಎಚ್. ಕ್ಯಾಂಪ್‌ಗಳು ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರಾಗಿ ಬಂದ ಬಂಗಾಳಿ ಕುಟುಂಬಗಳಿಗೆ ನೆಲೆಯಾದ ಊರುಗಳು. ಬಂಗಾಳಿಗಳ ಸಾಂಪ್ರದಾಯಿಕ ದುರ್ಗೆಯ ಮೂರ್ತಿ ಬರೀ ಮಣ್ಣಿನದಲ್ಲ. ಬಿದಿರಿನ ಚೌಕಟ್ಟಿಗೆ ಭತ್ತದ ಹುಲ್ಲು ಸುತ್ತಿ, ಬಿಗಿದು ಕಟ್ಟಿ, ಮೇಲೆ ಜೇಡಿಮಣ್ಣು ಮೆತ್ತುತ್ತಾರೆ. ಮಣ್ಣು ಆಕಾರ ಕೊಟ್ಟರೆ ಹುಲ್ಲು ಅದನ್ನು ಹಿಡಿದಿಡುತ್ತದೆ. ಅವಸರದಿಂದ ಬಿಸಿಲಲ್ಲಿ ಒಣಗಿಸಿದರೆ ಮಣ್ಣು ಬಿರಿಯುತ್ತದೆ. ಮೇಲಿನ ಬಿರುಕಿಗೆ ಮತ್ತೆ ಮಣ್ಣು ಮೆತ್ತಬಹುದು. ಒಳಗೇ ಬಿರುಕು ಬಿಟ್ಟರೆ ತಿಳಿಯುವುದು ಹೇಗೆ?

ಇದೇ ಪ್ರಶ್ನೆ ವಿಮಾನ ಕಟ್ಟುವವರನ್ನೂ ಕಾಡುತ್ತದೆ. ಹುಲ್ಲು ಮತ್ತು ಮಣ್ಣಿನಂತೆ ಎರಡು ವಸ್ತುಗಳು ತಮ್ಮ ಗುಣ ಬಿಡದೆ ಒಂದಕ್ಕೊಂದು ಆಸರೆಯಾಗಿ ನಿಂತರೆ ಅದನ್ನು ಕಾಂಪೋಸಿಟ್ ಎನ್ನುತ್ತಾರೆ. ಬೆಂಗಳೂರಿನಲ್ಲಿ 2001ರ ಜನವರಿ 4ರಂದು ಮೊದಲ ಬಾರಿ ಹಾರಿದ ಲಘು ಯುದ್ಧವಿಮಾನ ತೇಜಸ್‌ನ ಒಡಲಿನಲ್ಲಿ, ತೂಕದ ಲೆಕ್ಕದಲ್ಲಿ, ಸುಮಾರು ಶೇ 45ರಷ್ಟು ಇಂಥ ವಸ್ತುವೇ ಇದೆ. ಇಲ್ಲಿ ಹುಲ್ಲಿನ ಬದಲು ಕೂದಲಿಗಿಂತ ತೆಳುವಾದ ಕಾರ್ಬನ್ ಎಳೆ. ಮಣ್ಣಿನ ಬದಲು ಎಪಾಕ್ಸಿ ಎಂಬ ರಾಳ. 1959ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯ (ಎನ್‌ಎಎಲ್) ಈ ವಿಮಾನದ ಹಲವು ಕಾಂಪೋಸಿಟ್ ಭಾಗಗಳನ್ನು ರೂಪಿಸಿತು.

ಹಗುರ ಹಾಗೂ ಗಟ್ಟಿಯಾದ ಈ ವಸ್ತುವಿಗೆ ಶಾಖವೇ ವೈರಿ. ಬಿಸಿ ತಾಕಿದಾಗ ರಾಳ ಹಿಗ್ಗುತ್ತದೆ. ಕಾರ್ಬನ್ ಎಳೆ ತನ್ನ ಉದ್ದದಲ್ಲಿ ಹೆಚ್ಚುಕಡಿಮೆ ಹಿಗ್ಗುವುದೇ ಇಲ್ಲ. ಒಂದು ಎಳೆಯುತ್ತದೆ, ಇನ್ನೊಂದು ಬಿಡುವುದಿಲ್ಲ. ಈ ಜಗ್ಗಾಟ ಮತ್ತೆ ಮತ್ತೆ ನಡೆದರೆ ರಾಳದಲ್ಲಿ ಸೂಕ್ಷ್ಮ ಬಿರುಕುಗಳು ಹುಟ್ಟುತ್ತವೆ. ಶಾಖ ಮಿತಿಮೀರಿದರೆ ಪದರಗಳೇ ಒಂದರಿಂದೊಂದು ಬಿಟ್ಟುಕೊಳ್ಳುತ್ತವೆ. ಹೊರಗಿನ ಬಣ್ಣ ಮಾತ್ರ ನುಣುಪಾಗಿಯೇ ಉಳಿದಿರಬಹುದು.

ಸಂತೆಯಲ್ಲಿ ಮಡಕೆ ಕೊಳ್ಳುವವರು ಬೆರಳಿನಿಂದ ತಟ್ಟಿ ನೋಡುತ್ತಾರೆ. ಟಣ್ ಎಂದರೆ ಗಟ್ಟಿ, ಬದ್ ಎಂದರೆ ಸೀಳು. ವಿಮಾನದ ರೆಕ್ಕೆಯನ್ನೂ ನಾಣ್ಯದಿಂದ ತಟ್ಟಿ ಪರೀಕ್ಷಿಸುವ ರೂಢಿ ಇಂದಿಗೂ ಇದೆ. ಆದರೆ ಸಣ್ಣ ದೋಷ ಕಿವಿಗೆ ಸಿಗುವುದಿಲ್ಲ. ಅದಕ್ಕೆ ಬೇಕಾದದ್ದು ಸೆಕೆಂಡಿಗೆ 20 ಸಾವಿರಕ್ಕಿಂತ ಹೆಚ್ಚು ಬಾರಿ ಕಂಪಿಸುವ, ಮನುಷ್ಯನ ಕಿವಿಗೆ ಎಟುಕದ ಶ್ರವಣಾತೀತ ಧ್ವನಿ. ಕಾಂಪೋಸಿಟ್ ಪರೀಕ್ಷೆಯಲ್ಲಿ ಸಾಮಾನ್ಯವಾಗಿ ಸೆಕೆಂಡಿಗೆ 10 ಲಕ್ಷದಿಂದ 50 ಲಕ್ಷ ಕಂಪನಗಳ ಅಲೆಗಳನ್ನು ಬಳಸುತ್ತಾರೆ. ಗರ್ಭಿಣಿಯರಿಗೆ ಮಾಡುವ ಸ್ಕ್ಯಾನಿಂಗ್‌ನ ತತ್ವವೇ ಇಲ್ಲಿಯೂ ಇದೆ.

ಲೆಕ್ಕ ಸರಳ. ಕಾರ್ಬನ್ ಹಲಗೆಯ ದಪ್ಪದ ಉದ್ದಕ್ಕೆ ಧ್ವನಿಯ ವೇಗ ಸೆಕೆಂಡಿಗೆ ಸುಮಾರು 3,000 ಮೀಟರ್. 3 ಮಿ.ಮೀ. ದಪ್ಪದ ಹಲಗೆಯ ತಳ ಮುಟ್ಟಿ ಹಿಂದಿರುಗಲು ಅಲೆಗೆ 2 ಮೈಕ್ರೊಸೆಕೆಂಡು ಸಾಕು. ಪ್ರತಿಧ್ವನಿ ಒಂದೇ ಮೈಕ್ರೊಸೆಕೆಂಡಿಗೆ ಬಂದರೆ ನಡುವಿನಲ್ಲೇ ಪದರ ಬಿಟ್ಟಿದೆ ಎಂದರ್ಥ. ಬಿಟ್ಟ ಜಾಗದ ಗಾಳಿ ಅಲೆಯನ್ನು ಮುಂದೆ ಹೋಗಗೊಡದೆ ಹಿಂದಕ್ಕೆ ತಳ್ಳುತ್ತದೆ. ಇದೇ ಕಾರಣಕ್ಕೆ ಉಪಕರಣ ಮತ್ತು ಹಲಗೆಯ ನಡುವೆ ಗಾಳಿ ಉಳಿಯದಂತೆ ನೀರು ಅಥವಾ ಅಂಟುದ್ರವ ಬಳಸುತ್ತಾರೆ.

ಶಾಖದ ಪರಿಣಾಮವನ್ನು ಅಳೆಯುವಾಗ ಇನ್ನೊಂದು ತೊಡಕಿದೆ. ಬಿಸಿಯಾದ ರಾಳ ಮೆದುವಾಗುವುದರಿಂದ ಅಲೆಯ ವೇಗ ಕುಗ್ಗುತ್ತದೆ, ಅದರ ಬಲವೂ ಸೋರಿಹೋಗುತ್ತದೆ. ಹಾಗಾದರೆ ವೇಗ ಕುಗ್ಗಿದ್ದೆಲ್ಲ ಹಾನಿಯೇ? ಅಲ್ಲ. ತಣ್ಣಗಾದ ಮೇಲೆ ಹಳೆಯ ವೇಗ ಮರಳಿದರೆ ಅದು ಆ ಹೊತ್ತಿನ ಬಿಸಿಯ ಪ್ರಭಾವ ಮಾತ್ರ. ಮರಳದಿದ್ದರೆ ವಸ್ತುವಿಗೆ ಪೆಟ್ಟು ಬಿದ್ದಿದೆ ಎಂಬ ಸೂಚನೆ. ಆದ್ದರಿಂದ ಪರೀಕ್ಷಕರು ಅಲೆಯ ಜತೆಗೆ ತಾಪಮಾನವನ್ನೂ ಬರೆದುಕೊಳ್ಳಬೇಕು. ಹೊಸ ಹಲಗೆಯ ಅಳತೆಯೂ ಕೈಯಲ್ಲಿರಬೇಕು. ಇಲ್ಲದಿದ್ದರೆ ಯಾವುದಕ್ಕೆ ಹೋಲಿಸುವುದು?

ಈ ವಿಧಾನಕ್ಕೆ ಮಿತಿಯೂ ಇದೆ. ಬಿರುಕು ಮೂಡುವ ಮೊದಲೇ ರಾಳ ರಾಸಾಯನಿಕವಾಗಿ ಸೊರಗಿ, ಹಲಗೆ ಬಲ ಕಳೆದುಕೊಂಡಿರಬಹುದು. ಆ ಹಂತದಲ್ಲಿ ಸಾಮಾನ್ಯ ಶ್ರವಣಾತೀತ ಪರೀಕ್ಷೆ ಎಲ್ಲವೂ ಸರಿ ಎಂದೇ ತೋರಿಸಬಹುದು. ಎಂಜಿನ್ನಿನ ಬಿಸಿ ಅಥವಾ ಬೆಂಕಿ ತಾಗಿದ ಭಾಗಕ್ಕೆ ಅತಿಗೆಂಪು ಕಿರಣಗಳಂಥ ಬೇರೆ ಪರೀಕ್ಷೆಗಳೂ ಬೇಕಾಗುವುದು ಇದಕ್ಕೇ. ಹಾರುವವರ ಜೀವ ಆ ರೆಕ್ಕೆಯನ್ನೇ ನಂಬಿರುವಾಗ, ಒಂದೇ ಪರೀಕ್ಷೆಯ ಮಾತು ಕೇಳಿ ಸುಮ್ಮನಾಗುವಂತಿಲ್ಲ.