ನಾಲ್ವರ ವಯಸ್ಸು ಕೂಡಿಸಿದರೆ 234!

ಮಕ್ಕಳೇ, ವೇದಿಕೆ ಹತ್ತಿ ಕುಣಿದು ಹಾಡಲು ಎಷ್ಟು ವಯಸ್ಸಿರಬೇಕು? ಇಪ್ಪತ್ತೇ? ಮೂವತ್ತೇ? ಒಂದು ಲೆಕ್ಕ ಹೇಳುತ್ತೇನೆ, ಕೇಳಿ.

1962ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ‘ರೋಲಿಂಗ್ ಸ್ಟೋನ್ಸ್’ ಎಂಬ ರಾಕ್ ಸಂಗೀತ ತಂಡ 2003ರ ಏಪ್ರಿಲ್ 4ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಹಾಡಿತು. ಭಾರತದಲ್ಲಿ ಅದೇ ಅವರ ಮೊದಲ ಕಾರ್ಯಕ್ರಮ. ಗಾಯಕ ಮಿಕ್ ಜಾಗರ್ ಮತ್ತು ಗಿಟಾರ್ ನುಡಿಸುವ ಕೀತ್ ರಿಚರ್ಡ್ಸ್, ಇಬ್ಬರಿಗೂ ಆಗ 59. ಇನ್ನೊಬ್ಬ ಗಿಟಾರ್ ವಾದಕ ರಾನಿ ವುಡ್ ಅವರಿಗೆ 55. ಡ್ರಮ್ ಬಾರಿಸುವ ಚಾರ್ಲಿ ವಾಟ್ಸ್ ಅವರಿಗೆ 61. ಬ್ಯಾಂಕಿನಲ್ಲಿ ಲೆಡ್ಜರ್ ಬರೆದ ಕೈ ನನ್ನದು, ಕೂಡಿಸದೆ ಬಿಟ್ಟೀತೇ? ಒಟ್ಟು 234!

ಬೆಂಗಳೂರಿನಲ್ಲಿ ಓದುತ್ತಿದ್ದ ಮಗ ಎರಡು ಟಿಕೆಟ್ ತಂದಿದ್ದ. “ಅಪ್ಪಾ, ನೀನೂ ಬಾ. ಅವರೂ ನಿನ್ನ ವಾರಿಗೆಯವರ ಅದಾರ” ಎಂದ. ನವಲಿಯಲ್ಲಿ ಭಜನೆ, ಬಯಲಾಟ ಕೇಳಿ ಬೆಳೆದ ನನಗೆ ಆ ಇಂಗ್ಲಿಷ್ ಹಾಡುಗಳ ಒಂದು ಸಾಲೂ ಗೊತ್ತಿರಲಿಲ್ಲ. ಆದರೂ ಹೋದೆ.

ಸದ್ದು ಎದೆಗೂಡಿಗೇ ಬಡಿಯಿತು. ಜಾಗರ್ ವೇದಿಕೆಯ ಈ ತುದಿಯಿಂದ ಆ ತುದಿಗೆ ಓಡುತ್ತಲೇ ಹಾಡುತ್ತಿದ್ದರು. ನನ್ನ ಕಣ್ಣು ಮಾತ್ರ ಹಿಂದೆ ಕುಳಿತ ವಾಟ್ಸ್ ಮೇಲೆ ನಿಂತಿತ್ತು. ನೆಗೆತವಿಲ್ಲ, ಕೂಗಾಟವಿಲ್ಲ, ನೋಟು ಎಣಿಸುವ ಹಿರಿಯ ಕ್ಯಾಷಿಯರ್ ಹಾಗೆ ಶಾಂತವಾಗಿ ಬಾರಿಸುತ್ತಿದ್ದರು. ನಮ್ಮ ಭಜನೆಯಲ್ಲೂ ಹಾಗೇ ಅಲ್ಲವೇ? ಹಾಡುವವರು ಎಷ್ಟೇ ಮೈಮರೆತರೂ ತಾಳದವನು ಮರೆಯುವಂತಿಲ್ಲ. ಸ್ವಲ್ಪ ಹೊತ್ತಿಗೆ ನನ್ನ ಕೈಯೂ ತಾನಾಗಿಯೇ ತಾಳ ಹಾಕತೊಡಗಿತು. ಮಗ ನೋಡಿ ನಕ್ಕ.

ವಾಟ್ಸ್ 2021ರಲ್ಲಿ, 80ನೇ ವಯಸ್ಸಿನಲ್ಲಿ ತೀರಿಕೊಂಡರು. ಉಳಿದವರು ನಿಲ್ಲಿಸಲಿಲ್ಲ. 2024ರಲ್ಲಿ 80ರ ಜಾಗರ್ ತಂಡದೊಂದಿಗೆ ಅಮೆರಿಕ ಸುತ್ತಿ ಹಾಡಿದರು. ಆ ಪ್ರವಾಸಕ್ಕೆ ಪ್ರಾಯೋಜಕರು ಯಾರು ಗೊತ್ತೇ? ಅಲ್ಲಿನ ಹಿರಿಯರ ಸಂಸ್ಥೆ ಎಎಆರ್‌ಪಿ! ಪಿಂಚಣಿದಾರನಾದ ನನಗೆ ಅದನ್ನು ಓದಿ ಖುಷಿಯೋ ಖುಷಿ.

ಅಷ್ಟು ದೂರ ಯಾಕೆ? ನಮ್ಮ ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರನ್ನೇ ನೋಡಿ. ಬಿಳಿ ಪರದೆಯ ಹಿಂದೆ ದೀಪ ಹಚ್ಚಿ, ತೊಗಲುಗೊಂಬೆಗಳನ್ನು ಆಡಿಸಿ ರಾಮಾಯಣ, ಮಹಾಭಾರತದ ಕಥೆ ಹೇಳುತ್ತ ಬಂದವರು. ವಿದೇಶಗಳಲ್ಲೂ ಆಡಿಸಿ ಬಂದರು. ತೊಂಬತ್ತು ದಾಟಿದ ಮೇಲೆ, 2025ರಲ್ಲಿ, ಅವರಿಗೆ ಪದ್ಮಶ್ರೀ ಗೌರವ ಸಂದಿತು.

ಲಂಡನ್ನಿನವರ ಹಾಡುಗಳು ರೆಕಾರ್ಡಿನಲ್ಲಿ ಭದ್ರವಾಗಿವೆ. ನಮ್ಮ ಬೀಸುವ ಪದ, ಭಜನೆ ಪದ, ಬಯಲಾಟದ ಪದಗಳಲ್ಲಿ ಎಷ್ಟೋ ಇರುವುದು ಅಜ್ಜ-ಅಜ್ಜಿಯರ ಗಂಟಲಿನಲ್ಲಿ ಮಾತ್ರ. ನನ್ನ ಜೊತೆ ತಾಳ ಹಿಡಿಯುತ್ತಿದ್ದ ಗೆಳೆಯರು ಒಬ್ಬೊಬ್ಬರೇ ಹೋದರು. ಅವರಿಗಷ್ಟೇ ಬರುತ್ತಿದ್ದ ಪದಗಳೂ ಅವರೊಂದಿಗೆ ಹೋದವು.

ಅದಕ್ಕೇ ಮಕ್ಕಳೇ, ಈ ಭಾನುವಾರ ಅಜ್ಜಿಯ ಪಕ್ಕ ಕುಳಿತು ಒಂದು ಪದ ಹೇಳಿಸಿಕೊಳ್ಳಿ. ಮೊಬೈಲಿನಲ್ಲಿ ಹಿಡಿದಿಟ್ಟರೆ ಸಾಲದು, ಜೊತೆಗೆ ನೀವೂ ಹಾಡಿ. ಅಜ್ಜ-ಅಜ್ಜಿಯರೇ, “ಗಂಟಲು ಹೋಗೈತಿ” ಎಂಬ ನೆಪ ಬೇಡ. ನಡುಗುವ ದನಿಯಾದರೂ ಸರಿ, ಮೊಮ್ಮಕ್ಕಳ ಕಿವಿಗೆ ಬಿದ್ದರೆ ಸಾಕು.