ಗೇಣಿನೊಳಗೆ ಉಕ್ಕಿನ ರಥ

ಉದ್ದ ಸುಮಾರು 14 ಸೆಂಟಿಮೀಟರ್; ಗೇಣಿಗಿಂತಲೂ ಕಡಿಮೆ. ಆದರೆ ಸುತ್ತ ತಿರುಗುವ ಗೋಪುರ, ಅದರಿಂದ ಹೊರಚಾಚಿದ ವಿಕರ್ಸ್ ಮಷಿನ್‌ಗನ್, ಕವಚದ ಮೇಲಿನ ಒಂದೊಂದು ರಿವೆಟ್, ಎಲ್ಲವೂ ಯಥಾವತ್ತು! ಮೊದಲ ಮಹಾಯುದ್ಧದ ರೋಲ್ಸ್‌ರಾಯ್ಸ್ ಕವಚದ ಕಾರು 1:35 ಪ್ರಮಾಣದ ಮಾದರಿ ಜೋಡಣೆಯ ಕಿಟ್‌ನಲ್ಲಿ ಮರುಜನ್ಮ ಪಡೆಯುವ ಪರಿ ನಿಜಕ್ಕೂ ವಿಸ್ಮಯಕರ.

ಮೂಲವನ್ನು ಹೀಗೆ ಯಥಾವತ್ತಾಗಿ ಮರುಸೃಷ್ಟಿಸುವ ಪ್ರತಿರೂಪ ಕಲೆ ಕರ್ನಾಟಕದ ಹಾವೇರಿ ಜಿಲ್ಲೆಗೆ ಅಪರಿಚಿತವಲ್ಲ. ರಾಣೆಬೆನ್ನೂರು, ಬ್ಯಾಡಗಿಯ ಕುಟುಂಬಗಳು ಶಿಗ್ಗಾಂವಿ ತಾಲ್ಲೂಕಿನ ಗೊಟಗೋಡಿಗೆ ಹೋದರೆ, ಉತ್ಸವ ರಾಕ್ ಗಾರ್ಡನ್‌ನಲ್ಲಿ ಉತ್ತರ ಕರ್ನಾಟಕದ ಗ್ರಾಮಜೀವನವನ್ನು ನಿಜಗಾತ್ರದ ಶಿಲ್ಪಗಳಲ್ಲಿ ಕಾಣಬಹುದು. ಅಲ್ಲಿ ಮನುಷ್ಯನ ಅಳತೆಗೆ ತೋರಿದ ನಿಷ್ಠೆಯನ್ನೇ ಮಾಡೆಲ್ ಕಲೆ ಮಿಲಿಮೀಟರಿಗೆ ತೋರುತ್ತದೆ.

ರೋಲ್ಸ್‌ರಾಯ್ಸ್ ಕವಚದ ಕಾರಿನ ಮೂಲ ಸಿಲ್ವರ್ ಘೋಸ್ಟ್ ಎಂಬ ಐಷಾರಾಮಿ ಕಾರು. 1914ರಲ್ಲಿ ಬ್ರಿಟನ್ನಿನ ನೌಕಾ ವಾಯುಸೇವೆಗಾಗಿ ಅದರ ಚಾಸಿಗೆ ಉಕ್ಕಿನ ಕವಚ ತೊಡಿಸಲಾಯಿತು. ಆರು ಸಿಲಿಂಡರಿನ ಎಂಜಿನ್, ನಾಲ್ಕು ಟನ್‌ಗೂ ಮೀರಿದ ತೂಕ. ಆದರೂ ಮರಳುಗಾಡಿನಲ್ಲಿ ಅದರ ವೇಗ ಅಪ್ರತಿಮ. ಅರೇಬಿಯಾದ ದಾಳಿಗಳಲ್ಲಿ ಬ್ರಿಟಿಷ್ ಸೇನಾಧಿಕಾರಿ ಟಿ. ಇ. ಲಾರೆನ್ಸ್ ನೆಚ್ಚಿಕೊಂಡದ್ದೂ ಇದನ್ನೇ.

ಪ್ಯಾಲೆಸ್ತೈನಿನ ರಣರಂಗದಲ್ಲಿ ಕವಚದ ಕಾರುಗಳ ಕಥೆ ಕನ್ನಡ ನಾಡಿನ ಶೌರ್ಯಗಾಥೆಯೊಂದಿಗೆ ಬೆಸೆದುಕೊಳ್ಳುತ್ತದೆ. 1918ರ ಸೆಪ್ಟೆಂಬರ್ 22ರಂದು ಹೈಫಾ ನಗರದತ್ತ ಧಾವಿಸಿದ ಕಾರುಗಳ ದಳವನ್ನು ಶತ್ರುಫಿರಂಗಿಗಳು ತಡೆದು ನಿಲ್ಲಿಸಿದವು. ಮರುದಿನ ಮೈಸೂರು ಸಂಸ್ಥಾನದ ಅಶ್ವದಳವಾದ ಮೈಸೂರು ಲ್ಯಾನ್ಸರ್ಸ್‌ನ ಸವಾರರು ಕಾರ್ಮೆಲ್ ಬೆಟ್ಟದ ಕಡಿದಾದ ಇಳಿಜಾರನ್ನೇರಿ ಫಿರಂಗಿಗಳ ಮೇಲೆರಗಿದರು. ಜೋಧಪುರದ ಸವಾರರು ನಗರದೊಳಕ್ಕೆ ನುಗ್ಗಿದರು. ಯಂತ್ರಕ್ಕೆ ದಕ್ಕದ ಹೈಫಾ ಕುದುರೆಗೆ ದಕ್ಕಿತು! ದೆಹಲಿಯ ತೀನ್ ಮೂರ್ತಿ ಸ್ಮಾರಕದ ಮೂವರು ಯೋಧರು ಮೈಸೂರು, ಜೋಧಪುರ, ಹೈದರಾಬಾದ್ ಲ್ಯಾನ್ಸರ್ಸ್‌ಗಳ ಪ್ರತೀಕ.

1:35 ಎಂಬ ಅಳತೆಯ ಹಿಂದೆಯೂ ಸ್ವಾರಸ್ಯವಿದೆ. 1960ರ ದಶಕದ ಆರಂಭದಲ್ಲಿ ಜಪಾನಿನ ತಾಮಿಯಾ ಸಂಸ್ಥೆ ತನ್ನ ಪ್ಯಾಂಥರ್ ಟ್ಯಾಂಕಿನ ಮಾದರಿಯೊಳಗೆ ಮೋಟಾರು, ಬ್ಯಾಟರಿ ಹಿಡಿಸುವಂತೆ ಗಾತ್ರ ನಿಗದಿಮಾಡಿತು. ಅದೇ ಮುಂದೆ ಜಾಗತಿಕ ಮಾನದಂಡವಾಯಿತು. ಇಂದು ಉಕ್ರೇನಿನ ರೋಡೆನ್, ಚೀನಾದ ಮೆಂಗ್ ಸಂಸ್ಥೆಗಳು ರೋಲ್ಸ್‌ರಾಯ್ಸ್ ಕವಚದ ಕಾರನ್ನು ಇದೇ ಪ್ರಮಾಣದಲ್ಲಿ ರೂಪಿಸಿವೆ. ಚೌಕಟ್ಟಿನಿಂದ ಬಿಡಿಭಾಗಗಳನ್ನು ಕತ್ತರಿಸಿ, ಅಂಚು ಉಜ್ಜಿ, ಅಂಟಿಸಿ, ಮರಳುಬಣ್ಣ ಬಳಿದು, ಧೂಳು ತುಕ್ಕುಗಳ ಛಾಯೆ ಕೊಡುವವರೆಗೆ ಪ್ರತಿ ಹಂತವೂ ಏಕಾಗ್ರತೆಯ ಸಾಧನೆ.

ಇಂಗ್ಲೆಂಡಿನ ಬೋವಿಂಗ್ಟನ್ ಟ್ಯಾಂಕ್ ಸಂಗ್ರಹಾಲಯದಲ್ಲಿ ನಿಜವಾದ ರೋಲ್ಸ್‌ರಾಯ್ಸ್ ಕವಚದ ಕಾರನ್ನು ಕಾಣಬಹುದು. ಅಷ್ಟು ದೂರ ಹೋಗಲಾಗದ ಮಕ್ಕಳಿಗೂ ಈ ಕಿಟ್ ಯಂತ್ರಶಾಸ್ತ್ರ ಮತ್ತು ಇತಿಹಾಸವನ್ನು ಒಟ್ಟಿಗೇ ಕಲಿಸುತ್ತದೆ. ಕಾರಿನ ಪಕ್ಕದಲ್ಲೊಬ್ಬ ಮೈಸೂರು ಸವಾರನನ್ನೂ ನಿಲ್ಲಿಸಿದರೆ ಹೈಫಾದ ಆ ಎರಡು ದಿನಗಳ ಚಿತ್ರ ಪೂರ್ಣವಾಗುತ್ತದೆ.